ನಿಮಗಿದು ಗೊತ್ತೇ? ಕಿಮ್ಚಿಯ ಖಾರದ ಹಿಂದೆ ಕಡಲಿದೆ!

ಕೊರಿಯನ್ ಧಾರಾವಾಹಿ ನೋಡ್ತಾ ನೋಡ್ತಾ ಅಡುಗೆಮನೆಗೂ ಕೊರಿಯ ನುಗ್ಗಿರುವ ಮನೆಗಳು ನಮ್ಮಲ್ಲೀಗ ಬೇಕಾದಷ್ಟಿವೆ. ನಮ್ಮನೆಯೂ ಅದರಲ್ಲೊಂದು. ತಟ್ಟೆಯ ಕೆಂಪು ಕಂಡ ಕೂಡಲೇ 'ಅಯ್ಯೋ, ಬರೀ ಖಾರ' ಎಂದು ಮೂಗು ಮುರಿಯುವವರೂ ಕಡಿಮೆಯಿಲ್ಲ. ಮನೆಯಲ್ಲಿ ಮಾಡಿ, ಹೋಟೆಲಿನಲ್ಲಿ ತಿಂದು, ಓದಿ ತಿಳಿದುಕೊಂಡ ಮೇಲೆ ನನಗನ್ನಿಸಿದ್ದೇ ಬೇರೆ. ಆ ಅಡುಗೆಯಲ್ಲಿ ಮೆಣಸಿನಕಾಯಿ ಮೊನ್ನೆ ಮೊನ್ನೆ ಬಂದ ನೆಂಟ. ಮನೆ ಯಜಮಾನಿಕೆ ಇರುವುದು ಕಡಲಿನ ಕೈಯಲ್ಲಿ. ನಂಬಿಕೆ ಬರಲಿಲ್ಲವೇ? ಒಂದೊಂದಾಗಿ ನೋಡಿ.

■ ಕಿಮ್ಚಿ ಮೊದಲು ಕೆಂಪಗಿರಲೇ ಇಲ್ಲ! ಮೆಣಸಿನಕಾಯಿ ಅಮೆರಿಕ ಖಂಡದ ಗಿಡ. ಅದು ಕೊರಿಯ ಮುಟ್ಟಿದ್ದು 16ನೇ ಶತಮಾನದ ಕೊನೆಯ ಹೊತ್ತಿಗೆ ಎಂಬುದು ಬಹುಪಾಲು ಇತಿಹಾಸಕಾರರ ಮಾತು. ಅಲ್ಲಿಯತನಕ ಉಪ್ಪಿನಲ್ಲಿ ಹಾಕಿಟ್ಟ ಮೂಲಂಗಿ, ಸೊಪ್ಪು, ಸೌತೆಯೇ ಕಿಮ್ಚಿ. ಮೆಣಸು ಸೋಕಿಸದ ಬಿಳಿ ಕಿಮ್ಚಿಯನ್ನು ಅಲ್ಲಿ ಇವತ್ತಿಗೂ ಮಾಡುತ್ತಾರೆ. ಖಾರ ತಡೆಯದ ಮಕ್ಕಳಿಗೆ, ವಯಸ್ಸಾದವರಿಗೆ ಅದೇ ಇಷ್ಟ.

■ ಕಿಮ್ಚಿಯ ಎಲೆಕೋಸಿಗೂ ನಮ್ಮ ಒಗ್ಗರಣೆಯ ಸಾಸಿವೆಗೂ ರಕ್ತಸಂಬಂಧವಿದೆ. ನಾವು ಕೊಳ್ಳುವ ಸಾಸಿವೆಯ ಬಹುಪಾಲು 'ಬ್ರಾಸಿಕಾ ಜುನ್ಸಿಯಾ' ಎಂಬ ಜಾತಿ. ಕಿಮ್ಚಿ ಕೋಸು ಸೇರಿದ 'ಬ್ರಾಸಿಕಾ ರಾಪಾ' ಜಾತಿಯೂ ಕರಿಸಾಸಿವೆಯ ಜಾತಿಯೂ ಕೂಡಿ ಹುಟ್ಟಿದ್ದು ಅದು. ಈ ಕುಟುಂಬದ ವಂಶಾವಳಿಯನ್ನು 1935ರಲ್ಲಿ ಬಿಡಿಸಿಟ್ಟವರು ಊ ಜಾಂಗ್‌ಚುನ್ ಎಂಬ ಸಸ್ಯವಿಜ್ಞಾನಿ. ಜಪಾನಿನಲ್ಲಿ ಹುಟ್ಟಿ ಬೆಳೆದ ಅವರು 1950ರಲ್ಲಿ ಕೊರಿಯಕ್ಕೆ ಬಂದು, ಅಲ್ಲಿನ ಕೋಸು, ಮೂಲಂಗಿಗಳ ಬಿತ್ತನೆ ಬೀಜವನ್ನು ಸುಧಾರಿಸುವ ಕೆಲಸಕ್ಕೆ ನಿಂತರು. ಜಪಾನಿನಲ್ಲಿದ್ದ ತಾಯಿ ತೀರಿಕೊಂಡಾಗ ಹೋಗಿಬರಲು ಅವರಿಗೆ ಅನುಮತಿ ಸಿಗಲಿಲ್ಲ. ಸಂತಾಪ ಹೇಳಿ ಜನ ಕಳಿಸಿದ ಹಣದಲ್ಲಿ ಅವರು ಸಂಶೋಧನಾ ಕೇಂದ್ರದ ಆವರಣದಲ್ಲಿ ಬಾವಿ ತೋಡಿಸಿದರು. ಬುಸಾನ್ ನಗರದಲ್ಲಿ ಅವರ ಸ್ಮಾರಕ ಭವನವಿದೆ.

■ ಕಿಮ್ಚಿಗೂ ಇಡ್ಲಿಗೂ ಕೆಲಸ ಮಾಡಿಕೊಡುವ ಸೂಕ್ಷ್ಮಜೀವಿ ಒಂದೇ! 'ಲ್ಯೂಕೊನೊಸ್ಟಾಕ್' ಕುಲದ ಬ್ಯಾಕ್ಟೀರಿಯ ಇಡ್ಲಿ ಹಿಟ್ಟನ್ನು ಉಬ್ಬಿಸುತ್ತದೆ. ಕಿಮ್ಚಿಗೆ ಮೊದಮೊದಲ ದಿನಗಳ ಗುಳ್ಳೆ, ಚುರುಕುಹುಳಿ ಕೊಡುವುದೂ ಅದೇ.

■ ಚಳಿಗಾಲಕ್ಕೆ ಮುಂಚೆ ಊರಿಗೆ ಊರೇ ಸೇರಿ ಕಿಮ್ಚಿ ಹಾಕುವ ಪದ್ಧತಿಗೆ 'ಕಿಮ್‌ಜಾಂಗ್' ಎಂದು ಹೆಸರು. ಯುನೆಸ್ಕೊ 2013ರಲ್ಲಿ ಇದನ್ನು ದಕ್ಷಿಣ ಕೊರಿಯದ ಹೆಸರಿನಲ್ಲೂ, 2015ರಲ್ಲಿ ಉತ್ತರ ಕೊರಿಯದ ಹೆಸರಿನಲ್ಲೂ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಗಡಿಯಲ್ಲಿ ಎದುರುಬದುರು ಬಂದೂಕು ಹಿಡಿದು ನಿಂತವರ ಮನೆಯ ಭರಣಿ ಮಾತ್ರ ಒಂದೇ. ಒಂದು ಕಾಲಕ್ಕೆ ಕೋಸು, ಉಪ್ಪು, ಮೆಣಸು ಕೊಳ್ಳಲೆಂದೇ ಕಂಪನಿಗಳು ನೌಕರರಿಗೆ 'ಕಿಮ್‌ಜಾಂಗ್ ಬೋನಸ್' ಕೊಡುತ್ತಿದ್ದವು.

■ ಕಿಮ್ಚಿಗೆಂದೇ ಬೇರೆ ಫ್ರಿಜ್ ಇದೆ. ಹಿಂದೆ ಭರಣಿಗಳನ್ನು ಅಂಗಳದಲ್ಲಿ ಕತ್ತಿನತನಕ ಹೂಳುತ್ತಿದ್ದರು. ಅಪಾರ್ಟ್‌ಮೆಂಟಿಗೆ ಬಂದ ಮೇಲೆ ಅಂಗಳ ಎಲ್ಲಿಂದ ಬರಬೇಕು? 1995ರಲ್ಲಿ ಬಂದ 'ದಿಮ್‌ಚೇ' ಎಂಬ ಫ್ರಿಜ್ ಮನೆಮಾತಾಯಿತು. ಮಣ್ಣಿನೊಳಗಿನ ತಂಪಿನಂತೆ, ಏರಿಳಿತವಿಲ್ಲದೆ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುವುದು ಅದರ ಹೆಚ್ಚುಗಾರಿಕೆ.

■ ಕಿಮ್ಚಿ ಅಂತರಿಕ್ಷಕ್ಕೂ ಹೋಗಿ ಬಂದಿದೆ. 2008ರ ಏಪ್ರಿಲ್‌ನಲ್ಲಿ ಕೊರಿಯದ ಮೊದಲ ಗಗನಯಾತ್ರಿ ಯಿ ಸೊ-ಯೊನ್ ಜತೆ ಹೋಯಿತು. ಬದುಕಿರುವ ಬ್ಯಾಕ್ಟೀರಿಯ ಅಲ್ಲಿ ಏನು ಅವಾಂತರ ಮಾಡೀತೋ ಎಂದು ಹೆದರಿ, ವಿಕಿರಣ ಹಾಯಿಸಿ ಕೊಂದೇ ಕಳಿಸಿದರು. ಅಂದರೆ ಅಲ್ಲಿ ಹೋದದ್ದು ಸತ್ತ ಕಿಮ್ಚಿ!

■ ಕೊರಿಯದ ಮೆಣಸಿನಪುಡಿ 'ಗೋಚುಗಾರು' ಸಿಗದಿದ್ದರೆ ಬ್ಯಾಡಗಿ ಸಾಕು. ಬೀಜ ಕೊಡವಿ, ನುಣ್ಣಗೆ ಮಾಡದೆ ತರಿತರಿಯಾಗಿ ಪುಡಿ ಮಾಡಿದರೆ ಆಯಿತು. ಕೊರಿಯದವರೂ ಬೀಜ ತೆಗೆದ ಮೆಣಸನ್ನೇ ತರಿಯಾಗಿ ಪುಡಿಮಾಡುತ್ತಾರೆ. ಅವರಿಗೂ ಬೇಕಿರುವುದು ಬಣ್ಣ ಜಾಸ್ತಿ, ಖಾರ ಹದ. 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ನಮ್ಮ ಬ್ಯಾಡಗಿಯ ಜಾಯಮಾನವೂ ಅದೇ. ಗುಂಟೂರು ಮೆಣಸಿನ ತಂಟೆಗೆ ಹೋಗಬೇಡಿ.

■ ಹಾಗಾದರೆ ಕಿಮ್ಚಿಯಲ್ಲಿ ಕಡಲೆಲ್ಲಿದೆ? ಮಾಡುವ ಬಗೆ ನೋಡಿದರೆ ಗೊತ್ತಾಗುತ್ತದೆ. ಉದ್ದ ಕೋಸನ್ನು (ನಮ್ಮಲ್ಲಿ ಚೈನೀಸ್ ಕ್ಯಾಬೇಜ್ ಎಂದು ಮಾರುತ್ತಾರೆ) ಉದ್ದಕ್ಕೆ ಸೀಳಿ, ಒಂದೊಂದೇ ಎಲೆ ಎತ್ತಿ ಬುಡದ ಬಿಳಿ ದಂಟಿಗೆ ಕಲ್ಲುಪ್ಪು ಸವರಬೇಕು. ತುದಿಯ ಸೊಪ್ಪಿಗೆ ಬೇಡ, ಅದಕ್ಕೆ ತಾನಾಗಿ ಇಳಿಯುತ್ತದೆ. ಕೆಲವು ಗಂಟೆ ಬಿಟ್ಟು ದಂಟನ್ನು ಬಾಗಿಸಿ ನೋಡಿ. ಲಟಕ್ಕೆಂದು ಮುರಿದರೆ ಇನ್ನೂ ಕಾಯಿರಿ. ಬಳ್ಳಿಯಂತೆ ಬಳುಕಿದರೆ ಹದ. ಮೂರು ಸಲ ತೊಳೆದು ನೀರು ಬಸಿಯಲಿಕ್ಕೆ ಬೋರಲು ಹಾಕಿ. ಅಕ್ಕಿಹಿಟ್ಟಿನ ತೆಳು ಗಂಜಿ ಕಾಯಿಸಿ, ಆರಿದ ಮೇಲೆ ಮೆಣಸಿನಪುಡಿ, ಜಜ್ಜಿದ ಬೆಳ್ಳುಳ್ಳಿ, ಶುಂಠಿ, ಸೀಳಿದ ಮೂಲಂಗಿ, ಈರುಳ್ಳಿ ಸೊಪ್ಪು ಕಲಸಬೇಕು. ಕೊನೆಯದಾಗಿ ಬೀಳುವುದೇ 'ಜೊಟ್‌ಗಲ್': ಉಪ್ಪಿನಲ್ಲಿ ತಿಂಗಳುಗಟ್ಟಲೆ ಕಳಿತ ಪುಟ್ಟ ಸಿಗಡಿ, ಇಲ್ಲವೇ ಆಂಚೊವಿ ಎಂಬ ಸಣ್ಣ ಮೀನಿನ ರಸ. ಮುಚ್ಚಳ ತೆಗೆದಾಗ ಮೂಗು ಮುಚ್ಚಿಕೊಳ್ಳುವ ಹಾಗಿರುತ್ತದೆ. ಈ ಮಸಾಲೆಯನ್ನು ಎಲೆಯೆಲೆಗೂ ಸವರಿ ಭರಣಿಗೆ ತುಂಬಿ ವಾರ ಕಳೆದ ಮೇಲೆ ಆ ನಾತದ ಸುಳಿವೂ ಇರುವುದಿಲ್ಲ, ರುಚಿ ಮಾತ್ರ ಉಳಿದಿರುತ್ತದೆ.

■ ಪ್ರದೇಶಕ್ಕೊಂದು ಜೊಟ್‌ಗಲ್. ಬೆಚ್ಚಗಿನ ದಕ್ಷಿಣದವರು ಆಂಚೊವಿ ರಸ ಧಾರಾಳವಾಗಿ ಸುರಿಯುತ್ತಾರೆ, ಕಿಮ್ಚಿ ಗಾಢವಾಗಿರುತ್ತದೆ. ಸೋಲ್ ಕಡೆಯವರಿಗೆ ಸಿಗಡಿಯೇ ಮೆಚ್ಚು.

■ ಅಲ್ಲಿನ ಸಾರಿಗೂ ಬುನಾದಿ ಒಣ ಆಂಚೊವಿಯೇ. ತಲೆ, ಹೊಟ್ಟೆಯ ಕಪ್ಪು ಭಾಗ ಕಿತ್ತು, ಕೆಲ್ಪ್ ಎಂಬ ಕಡಲಪಾಚಿಯ ತುಂಡಿನ ಜತೆ ಕುದಿಸಿ ಸೋಸುತ್ತಾರೆ. ಹೊಟ್ಟೆ ತೆಗೆಯದಿದ್ದರೆ ಕಹಿ. ಕೆಲ್ಪನ್ನು ಬೇಗ ಎತ್ತದಿದ್ದರೆ ಲೋಳೆ. ಬೇಯಿಸಿದ ಸೋಯಾ ಕಾಳನ್ನು ಜಜ್ಜಿ ಕಳಿಯಲು ಬಿಟ್ಟು ಮಾಡುವ 'ದೊಯೆನ್‌ಜಾಂಗ್' ಹಾಕಿದ ಸಾರಿಗೆ ಅಕ್ಕಿ ತೊಳೆದ ನೀರನ್ನೂ ಬಳಸುವುದುಂಟು. ನಾವು ಅಕ್ಕಚ್ಚು ಎಂದು ದನಕ್ಕೆ ಕೊಡುವ ಅದೇ ನೀರು, ಸಾರನ್ನು ಒಂದಿಷ್ಟು ಮಂದ ಮಾಡಿಕೊಡುತ್ತದೆ. ಎರಡನೇ ತೊಳೆತದ್ದು ಒಳ್ಳೆಯದು, ಮೊದಲನೆಯದರಲ್ಲಿ ದೂಳಿರುತ್ತದೆ.

■ ಮೀನು ಕೆಳಗೆ, ಊಟ ಮೇಲೆ! ಸೋಲ್‌ನ ನೊರ್ಯಾಂಗ್‌ಜಿನ್ ಮೀನು ಮಾರುಕಟ್ಟೆಯ ಪದ್ಧತಿ ಇದು. ತೊಟ್ಟಿಯಲ್ಲಿ ಈಜುತ್ತಿರುವ ಮೀನನ್ನು ಬೊಟ್ಟು ಮಾಡಿ ತೋರಿಸಿ, ಚೌಕಾಸಿ ಮಾಡಿ ಕೊಂಡು, ಮೇಲಿನ ಅಂತಸ್ತಿನ ಊಟದ ಮನೆಗೆ ಹೋದರಾಯಿತು. ತಲೆಗಿಷ್ಟು, ಅಡುಗೆಗಿಷ್ಟು ಎಂದು ಪ್ರತ್ಯೇಕ ದರ. ಮಾಂಸವನ್ನು ಹಸಿಯಾಗಿ ತೆಳ್ಳಗೆ ಕೊಯ್ದು ತಟ್ಟೆಯಲ್ಲಿ ಹರಡಿ ಕೊಡುತ್ತಾರೆ. ಇದು 'ಹೊಯೆ'. ಹುಳಿ ಬೆರೆಸಿದ ಮೆಣಸಿನ ಗೊಜ್ಜಿಗೆ ಅದ್ದಿ, ಒಂದು ಚೂರು ಬೆಳ್ಳುಳ್ಳಿ, ಹಸಿಮೆಣಸಿನ ಜತೆ ಲೆಟ್ಯೂಸ್ ಎಲೆಯಲ್ಲಿ ಸುತ್ತಿ ಒಂದೇ ತುತ್ತಿಗೆ ಬಾಯಿಗಿಡಬೇಕು. ಕಚ್ಚಿ ಕಚ್ಚಿ ತಿನ್ನುವುದು ಲಕ್ಷಣವಲ್ಲ. ಅಷ್ಟರಲ್ಲಿ ಒಳಗೆ ಅದೇ ಮೀನಿನ ತಲೆ, ಮುಳ್ಳು ಕುದಿಯುತ್ತಿರುತ್ತವೆ. ಊಟದ ಕೊನೆಗೆ 'ಮೇಉನ್‌ತಾಂಗ್' ಎಂಬ ಖಾರದ ಸಾರಾಗಿ ಬರುತ್ತವೆ. ಮೀನು ತಿನ್ನುವವರಿಗೆ ಗೊತ್ತು, ಸಾರಿನ ರುಚಿ ಇರುವುದು ತಲೆಯಲ್ಲೇ. ನನ್ನ ಕೇಳಿದರೆ ಹೊಯೆಗಿಂತ ಆ ಸಾರೇ ಮೇಲು.

■ ಈ ಮಾರುಕಟ್ಟೆ 1927ರಲ್ಲಿ ಸೋಲ್ ರೈಲು ನಿಲ್ದಾಣದ ಬಳಿ ಶುರುವಾಗಿ, ಈಗಿರುವ ಜಾಗಕ್ಕೆ 1971ರಲ್ಲಿ ಬಂತು. ಬುಸಾನ್‌ನ ಜಗಲ್‌ಚಿ ಮಾರುಕಟ್ಟೆ ಇನ್ನೊಂದು ಪ್ರಸಿದ್ಧ ಜಾಗ. ಅಲ್ಲಿ ಮೀನು ಮಾರುವ ಹೆಂಗಸರ ಬಾಯಿ ಜೋರೆಂದು ಇಡೀ ದೇಶದಲ್ಲಿ ಹೆಸರು. ಮಂಗಳೂರು, ಮಲ್ಪೆ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

■ ಮುನಿಸಿಕೊಂಡು ಮನೆ ಬಿಟ್ಟ ಸೊಸೆಯನ್ನು ವಾಪಸ್ ಕರೆತರುವ ಮೀನು ಯಾವುದು? 'ಜೊನೊ'. ಶರತ್ಕಾಲದಲ್ಲಿ ಕೊಬ್ಬೇರುವ ಈ ಸಣ್ಣ ಮೀನನ್ನು ಕೆಂಡದ ಮೇಲೆ ಸುಟ್ಟರೆ ಆ ವಾಸನೆಗೇ ಸೊಸೆ ಮರಳಿ ಬರುತ್ತಾಳಂತೆ! ಅತ್ತೆಯರೇ ಕಟ್ಟಿದ ಗಾದೆ ಇರಬೇಕು.

■ ಕಡಲಿಲ್ಲದ ಊರಿನ ಬಂಗುಡೆ ಕೊರಿಯಕ್ಕೆಲ್ಲ ಪ್ರಸಿದ್ಧ. ಆಂದೊಂಗ್ ಒಳನಾಡಿನ ಊರು. ಹಿಂದೆ ಪೂರ್ವ ಕರಾವಳಿಯ ಯೊಂಗ್‌ದೊಕ್‌ನಿಂದ ಬಂಗುಡೆ ಹೊತ್ತು ತರುವ ಹೊತ್ತಿಗೆ ಅದು ಕೆಡಲು ಬರುತ್ತಿತ್ತು. ದಾರಿಯಲ್ಲೇ ಉಪ್ಪು ತುಂಬುತ್ತಿದ್ದರು. ಕೆಡುವುದಕ್ಕೆ ತುಸು ಮುಂಚಿನ ಆ ಘಳಿಗೆಯಲ್ಲೇ ರುಚಿ ಏರುತ್ತದೆ ಎನ್ನುತ್ತಾರೆ ಅಲ್ಲಿನವರು. ಈಗ ಲಾರಿ, ಐಸು ಎಲ್ಲ ಇದ್ದರೂ ಉಪ್ಪು ಹಾಕುವುದನ್ನು ಬಿಟ್ಟಿಲ್ಲ.

■ ಅದೇ ಆಂದೊಂಗ್‌ನಲ್ಲಿ 'ಸುಳ್ಳು ಶ್ರಾದ್ಧದ ಊಟ' ಎಂಬ ಊಟವೇ ಇದೆ. ಹಿರಿಯರ ಪೂಜೆಯ ದಿನ ಮಾಡುವ ಅಡುಗೆ ತಿನ್ನುವ ಆಸೆಗೆ, ಪೂಜೆಯಿಲ್ಲದ ದಿನವೂ ಪೂಜೆಯ ನೆಪ ಹೂಡಿ ಪಂಡಿತರು ಮಾಡಿಸಿಕೊಳ್ಳುತ್ತಿದ್ದರು ಎಂಬುದು ಅದರ ಕತೆ. ಈ ಅಡುಗೆಗೆ ಬೆಳ್ಳುಳ್ಳಿ, ಮೆಣಸಿನಪುಡಿ ನಿಷಿದ್ಧ. ಶ್ರಾದ್ಧದ ವಡೆಗೆ ಕಾಯುವ ನಮ್ಮವರು ಇದನ್ನು ಕೇಳಿದರೆ ಖುಷಿಪಟ್ಟಾರು.

■ ಕೊರಿಯದ ಮನೆಮನೆಯ ಮೀನಾಗಿದ್ದ ಪೊಲಾಕ್ ಈಗ ಅವರ ಕಡಲಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. 2019ರಿಂದ ಹಿಡಿಯುವುದನ್ನೇ ನಿಷೇಧಿಸಿದ್ದಾರೆ. ತಟ್ಟೆಗೆ ಬರುವುದು ಬಹುಪಾಲು ರಷ್ಯದ್ದು. ಚಳಿಗಾಲದಲ್ಲಿ ಗುಡ್ಡದ ಊರುಗಳಲ್ಲಿ ಅದನ್ನು ಸಾಲುಗಟ್ಟಿ ತೂಗುಹಾಕುತ್ತಾರೆ. ರಾತ್ರಿ ಹೆಪ್ಪುಗಟ್ಟಿ, ಹಗಲು ಕರಗಿ, ತಿಂಗಳುಗಟ್ಟಲೆ ಹೀಗೇ ನಡೆದು ಮೀನು ಹಳದಿ ತಿರುಗಿ ಹತ್ತಿಯಂತೆ ಬಿರಿಯುತ್ತದೆ. ಒಣ ಪೊಲಾಕಿನ ಸಾರು ಕುಡಿದವರ ಮರುದಿನದ ಮದ್ದು.

■ ಅಮೋನಿಯಾ ವಾಸನೆಯ ಮೀನನ್ನು ದುಡ್ಡು ಕೊಟ್ಟು ತಿನ್ನುತ್ತಾರೆ! ನಮ್ಮ ಕರಾವಳಿಯ ತೊರಕೆಯ ದೂರದ ನೆಂಟ 'ಹೊಂಗೊ'. ಈ ಜಾತಿಯ ಮೀನುಗಳ ಮೈಯಲ್ಲಿ ಯೂರಿಯಾ ತುಂಬಿರುತ್ತದೆ. ಸತ್ತ ಮೇಲೆ ಅದು ಅಮೋನಿಯಾ ಆಗುತ್ತದೆ. ಆ ಅಮೋನಿಯಾವೇ ಬೇರೆ ಕ್ರಿಮಿಗಳನ್ನು ದೂರ ಇಡುವುದರಿಂದ ಉಪ್ಪು ಹಾಕದಿದ್ದರೂ ಕೊಳೆಯುವುದಿಲ್ಲ. ನೈಋತ್ಯದ ಮೊಕ್ಪೊ ಕಡೆ ಮದುವೆ ಊಟಕ್ಕೆ ಇದು ಇರಲೇಬೇಕು. ಹಳೆ ಕಿಮ್ಚಿ, ಬೇಯಿಸಿದ ಹಂದಿಮಾಂಸದ ಜತೆ ಒಟ್ಟಿಗೆ ಬಾಯಿಗಿಟ್ಟು, ಮೇಲೊಂದು ಬಟ್ಟಲು ಅಕ್ಕಿಯ ಹೆಂಡ. ನಾನಂತೂ ದೂರದಿಂದಲೇ ಕೈಮುಗಿದೆ.

■ ಜೇಜು ದ್ವೀಪದಲ್ಲಿ ಅಜ್ಜಿಯರೇ ಮುಳುಗುಗಾರರು. 'ಹೇನ್ಯೊ' ಎನ್ನುವ ಈ ಹೆಂಗಸರು ಆಮ್ಲಜನಕದ ಸಿಲಿಂಡರ್ ಇಲ್ಲದೆ, ಉಸಿರು ಬಿಗಿಹಿಡಿದು ಹತ್ತು ಮೀಟರಿನಷ್ಟು ಆಳಕ್ಕಿಳಿದು ಅಬಲೋನ್ ಚಿಪ್ಪು, ಶಂಖದ ಹುಳು, ಕಡಲಪಾಚಿ ತರುತ್ತಾರೆ. ಮೇಲೆ ಬಂದ ಕೂಡಲೇ ಬಿಡುವ ಉಸಿರು ಸಿಳ್ಳೆಯಂತೆ ಕೇಳುತ್ತದೆ. ಯುನೆಸ್ಕೊ ಮಾನ್ಯತೆ ಬಂದದ್ದು 2016ರಲ್ಲಿ. ಈಗ ಉಳಿದವರು ಮೂರು ಸಾವಿರಕ್ಕೂ ಕಡಿಮೆ, ಅವರಲ್ಲಿ ಹೆಚ್ಚಿನವರಿಗೆ ಅರವತ್ತು ದಾಟಿದೆ. 2025ರ 'ವೆನ್ ಲೈಫ್ ಗಿವ್ಸ್ ಯು ಟ್ಯಾಂಜರೀನ್ಸ್' ಧಾರಾವಾಹಿ ನೋಡಿದವರಿಗೆ ನಾಯಕಿಯ ತಾಯಿ ನೆನಪಿರಬೇಕು.

■ ಹುಟ್ಟುಹಬ್ಬಕ್ಕೆ ಕಡಲಪಾಚಿ ಸಾರು! ಬಾಣಂತಿಗೆ ವಾರಗಟ್ಟಲೆ ಕುಡಿಸುವ ಸಾರು ಇದು. ಹೆತ್ತವಳನ್ನು ನೆನೆಯಲೆಂದು ಪ್ರತಿ ಹುಟ್ಟುಹಬ್ಬಕ್ಕೂ ಮಾಡುತ್ತಾರೆ. ಪರೀಕ್ಷೆಯ ದಿನ ಮಾತ್ರ ಹತ್ತಿರಕ್ಕೂ ತರುವುದಿಲ್ಲ. ಪಾಚಿ ಜಾರುತ್ತದಲ್ಲ, ಮಕ್ಕಳೂ ಜಾರಿಬಿಟ್ಟರೆ?

■ ಏಡಿಗೂ ರಜೆಯುಂಟು. ಕೊರಿಯದ ಪಶ್ಚಿಮ ಕರಾವಳಿಯಲ್ಲಿ ಜೂನ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಏಡಿ ಹಿಡಿಯುವಂತಿಲ್ಲ. ವಸಂತದಲ್ಲಿ ಮೊಟ್ಟೆ ತುಂಬಿದ ಹೆಣ್ಣು, ಶರತ್ಕಾಲದಲ್ಲಿ ಮಾಂಸ ತುಂಬಿದ ಗಂಡು ಎಂದು ಲೆಕ್ಕ ಹಾಕಿಯೇ ಕೊಳ್ಳುತ್ತಾರೆ. ಸೋಯಾ ಸಾಸಿನಲ್ಲಿ ನೆನೆಸಿದ ಹಸಿ ಏಡಿಯ ಚಿಪ್ಪಿಗೆ ಬಿಸಿ ಅನ್ನ ಹಾಕಿ ಕಲಸಿ ಬಳಿದು ತಿನ್ನುವುದೇ ಅದರ ಗಮ್ಮತ್ತು. ನಮ್ಮ ಕರಾವಳಿಯ ಯಾಂತ್ರಿಕ ದೋಣಿಗಳಿಗೆ ರಜೆ ಜೂನ್ 1ರಿಂದ ಜುಲೈ 31ರವರೆಗೆ.

ಇನ್ನು ಹೋಟೆಲಿಗೆ ನಡೆಯೋಣ.

■ ಕೊರಿಯದ ಹೋಟೆಲಿನಲ್ಲಿ ಮಾಣಿಗಾಗಿ ಕಣ್ಣು ಹಾಯಿಸಿ ಕೂರಬೇಕಿಲ್ಲ. ಎಷ್ಟೋ ಕಡೆ ಮೇಜಿಗೇ ಕರೆಗಂಟೆ ಇದೆ. ಚಮಚ, ಕಡ್ಡಿಗಳು ಮೇಜಿನ ಪಕ್ಕದ ಖಾನೆಯೊಳಗೆ. ಟಿಪ್ಸ್ ಕೊಡುವ ರೂಢಿ ಇಲ್ಲ.

■ ಕೇಳದೆಯೇ ಬರುವ ಪುಟ್ಟ ಬಟ್ಟಲುಗಳ 'ಬಾನ್‌ಚಾನ್'ಗೆ ದುಡ್ಡಿಲ್ಲ. ಮುಗಿದರೆ ಮತ್ತೆ ಕೇಳಬಹುದು. ಬಿಟ್ಟಿ ಎಂದು ಉಳಿಸಿ ಚೆಲ್ಲುವುದಕ್ಕೆ ಮಾತ್ರ ಬೆಲೆ ಇದೆ. 2005ರಿಂದ ಅಲ್ಲಿ ಆಹಾರದ ಕಸವನ್ನು ನೆಲದಲ್ಲಿ ಹೂಳುವಂತಿಲ್ಲ. ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ಕಸದ ಡಬ್ಬಿಯೇ ತೂಕ ಹಾಕಿ ಮನೆಯ ಲೆಕ್ಕಕ್ಕೆ ಬರೆಯುತ್ತದೆ.

■ ಅನ್ನವನ್ನು ಕಡ್ಡಿಯಿಂದಲ್ಲ, ಚಮಚದಿಂದ ತಿನ್ನುತ್ತಾರೆ. ಬಟ್ಟಲನ್ನು ಕೈಗೆತ್ತಿಕೊಂಡರೆ ಅಸಭ್ಯತೆ. ಜಪಾನಿನಲ್ಲಿ ಎತ್ತಿಕೊಳ್ಳುವುದೇ ಸರಿ! ಹಿರಿಯರು ಚಮಚ ಹಿಡಿಯುವವರೆಗೆ ಕಿರಿಯರು ಕಾಯಬೇಕು.

■ ಕಡ್ಡಿಗಳು ಸ್ಟೀಲಿನವು, ಚಪ್ಪಟೆ. ಮಾಂಸ, ನೂಡಲ್ಸು, ಕಿಮ್ಚಿ ಎಲ್ಲಕ್ಕೂ ಮೇಜಿನ ಮೇಲೇ ಕತ್ತರಿ. ನಾಚಿಕೆ ಬೇಡ, ಕತ್ತರಿಸಿ.

■ ಒಬ್ಬರೇ ಹೋದರೆ ಕಷ್ಟ. ಕೆಂಡದ ಮೇಲೆ ಮಾಂಸ ಸುಡುವ ಎಷ್ಟೋ ಕಡೆ ಕನಿಷ್ಠ ಇಬ್ಬರ ಪಾಲು ಹೇಳಲೇಬೇಕು. ಈಗೀಗ ಒಂಟಿ ಊಟದವರಿಗೆಂದೇ ಅಂಗಡಿಗಳೂ ಆಗಿವೆ.

■ ಸರ್ಕಾರಿ ನೌಕರನಿಗೆ ಊಟ ಹಾಕಿಸುವುದಕ್ಕೂ ಮಿತಿ! 2016ರಲ್ಲಿ ಜಾರಿಗೆ ಬಂದ ಭ್ರಷ್ಟಾಚಾರ ವಿರೋಧಿ ಕಾನೂನು ಒಂದು ಊಟಕ್ಕೆ 30,000 ವೊನ್ ಎಂದು ಗೆರೆ ಎಳೆಯಿತು. ಬೆಲೆ ಏರಿದ್ದರಿಂದ 2024ರಲ್ಲಿ ಅದು 50,000 ಆಯಿತು.

■ ಬೇಸಿಗೆಯ ಅತಿ ಸೆಖೆಯ ಮೂರು ದಿನ ಅಲ್ಲಿಯವರು ಸರತಿಯಲ್ಲಿ ನಿಂತು ಕುಡಿಯುವುದು ಕುದಿಕುದಿಯುವ ಕೋಳಿ ಸಾರು. ಇಡೀ ಮರಿಕೋಳಿಯ ಹೊಟ್ಟೆಗೆ ಅಕ್ಕಿ, ಜಿನ್‌ಸೆಂಗ್ ಬೇರು, ಬೆಳ್ಳುಳ್ಳಿ ತುಂಬಿರುತ್ತಾರೆ. ಐಸು ತೇಲುವ ತಣ್ಣನೆ ನೂಡಲ್ಸ್ 'ನೇಂಗ್‌ಮ್ಯೊನ್' ಮೂಲತಃ ಚಳಿಗಾಲದ ತಿನಿಸು! 2018ರ ಏಪ್ರಿಲ್ 27ರಂದು ಎರಡೂ ಕೊರಿಯಗಳ ನಾಯಕರು ಭೇಟಿಯಾದಾಗ ಉತ್ತರದವರು ಪ್ಯೊಂಗ್ಯಾಂಗ್‌ನಿಂದ ಈ ನೂಡಲ್ಸ್ ತರಿಸಿದ್ದರು. ಅಂದು ಸೋಲ್‌ನ ನೇಂಗ್‌ಮ್ಯೊನ್ ಅಂಗಡಿಗಳ ಮುಂದೆ ಬೀದಿಯುದ್ದ ಸಾಲು.

■ ಏಪ್ರಿಲ್ 14 ಅಲ್ಲಿ ಒಂಟಿಗಳ ಹಬ್ಬ. ಪ್ರೇಮಿಗಳ ದಿನ ಉಡುಗೊರೆ ಸಿಗದವರು ಕಪ್ಪು ಗೊಜ್ಜಿನ 'ಜಜಾಂಗ್‌ಮ್ಯೊನ್' ನೂಡಲ್ಸ್ ತಿನ್ನುತ್ತಾರೆ. ಇದು ಇಂಚೊನ್ ಬಂದರಿಗೆ ಬಂದ ಚೀನೀಯರ ಕೊಡುಗೆ. ಆ ಊರಿನಲ್ಲಿ ಇದಕ್ಕೊಂದು ವಸ್ತುಸಂಗ್ರಹಾಲಯವೇ ಇದೆ.

■ ಕೊರಿಯದ ಮೊದಲ ಇನ್‌ಸ್ಟಂಟ್ ನೂಡಲ್ಸ್ ಬಂದದ್ದು 1963ರಲ್ಲಿ. ಬೆಲೆ 10 ವೊನ್. 2024ರಲ್ಲಿ ಅದೇ ಸಮ್‌ಯಾಂಗ್ ಕಂಪನಿಯ 'ಬುಲ್ದಕ್' ನೂಡಲ್ಸಿನ ಕೆಲವು ಬಗೆಗಳನ್ನು ಖಾರ ಮಿತಿಮೀರಿದೆ ಎಂದು ಡೆನ್ಮಾರ್ಕ್ ಅಂಗಡಿಗಳಿಂದ ತೆಗೆಸಿತು. ಸ್ವಲ್ಪ ದಿನಕ್ಕೆ ಕೆಲವನ್ನು ವಾಪಸ್ ಬಿಟ್ಟುಕೊಂಡಿತು. ಖಾರದಿಂದ ಸಿಗುವ ಪ್ರಚಾರ ಬೇರೆ ಯಾವುದರಿಂದಲೂ ಸಿಗದು ನೋಡಿ.

■ ಊಟದ ಕೊನೆಗೆ ಗಲ್ಲಾಪೆಟ್ಟಿಗೆ ಪಕ್ಕದ ಯಂತ್ರದಲ್ಲಿ ಬಿಟ್ಟಿ ಕಾಫಿ. ಪುಡಿ, ಸಕ್ಕರೆ, ಹಾಲಿನಪುಡಿ ಒಂದೇ ಪೊಟ್ಟಣದಲ್ಲಿರುವ 'ಕಾಫಿ ಮಿಕ್ಸ್' ಅನ್ನು 1976ರಲ್ಲಿ ತಂದದ್ದು ಕೊರಿಯದ ದೊಂಗ್‌ಸೊ ಕಂಪನಿ. ನಮ್ಮ ಫಿಲ್ಟರ್ ಕಾಫಿ ಕುಡಿದ ನಾಲಿಗೆಗೆ ಅದು ಸಿಹಿನೀರು.

■ ಮೀನಿನ ಸೋಂಕೇ ಇಲ್ಲದ ಕೊರಿಯನ್ ಅಡುಗೆಯೂ ಉಂಟು: ಬೌದ್ಧ ವಿಹಾರಗಳದ್ದು. ಅಲ್ಲಿ ಮೀನು, ಮಾಂಸ ಇಲ್ಲ. ಬೆಳ್ಳುಳ್ಳಿ, ಈರುಳ್ಳಿ ಜಾತಿಯ ನಾಲ್ಕರ ಜತೆ ಐದನೆಯದಾಗಿ ನಿಷಿದ್ಧವಾಗಿರುವುದು ಇಂಗು! ಈರುಳ್ಳಿ, ಬೆಳ್ಳುಳ್ಳಿ ಬಿಟ್ಟ ನಮ್ಮ ಮಡಿ ಅಡುಗೆ ನಿಂತಿರುವುದೇ ಇಂಗಿನ ಮೇಲೆ. ಕೊರಿಯದಲ್ಲೋ, ಬೆಳೆಯದ ಇಂಗಿಗೂ ಬಹಿಷ್ಕಾರ. ಬೇಕ್ಯಾಂಗ್‌ಸಾ ವಿಹಾರದ ಸನ್ಯಾಸಿನಿ ಜೊಂಗ್ ಕ್ವಾನ್ ಈ ಅಡುಗೆಗೆ ಜಗತ್ತಿನಲ್ಲೇ ಹೆಸರು ತಂದವರು. 2017ರಲ್ಲಿ 'ಶೆಫ್ಸ್ ಟೇಬಲ್' ಸಾಕ್ಷ್ಯಚಿತ್ರದಲ್ಲಿ ಬಂದ ಮೇಲೆ ದೊಡ್ಡ ದೊಡ್ಡ ಬಾಣಸಿಗರು ಅವರ ಅಡುಗೆಮನೆ ಹುಡುಕಿಕೊಂಡು ಹೋಗುತ್ತಿದ್ದಾರೆ. ಮೀನಿನ ರಸದ ಬದಲು ಅವರ ಕಿಮ್ಚಿಗೆ ಬೀಳುವುದು ವರ್ಷಗಟ್ಟಲೆ ಕಳಿತ ಸೋಯಾ ಸಾಸು.

■ ಆದ್ದರಿಂದ ಸಸ್ಯಾಹಾರಿಗಳಿಗೊಂದು ಮಾತು. 'ಬರೀ ಕೋಸು ತಾನೆ' ಎಂದು ಕಿಮ್ಚಿಗೆ ಕೈ ಹಾಕಬೇಡಿ. ಹೋಟೆಲಿನಲ್ಲಾದರೆ ಮೀನಿನ ರಸ, ಸಿಗಡಿ ಹಾಕಿದ್ದೀರಾ ಎಂದು ಬಾಯಿಬಿಟ್ಟು ಕೇಳಿ. ಅಂಗಡಿಯ ಪೊಟ್ಟಣದಲ್ಲಾದರೆ ಹಸಿರು ಚುಕ್ಕೆ ನೋಡಿ. ಮನೆಯಲ್ಲೇ ಹಾಕುವವರು ಒಳ್ಳೆಯ ಸೋಯಾ ಸಾಸು, ನೆನೆಸಿದ ಒಣ ಅಣಬೆಯ ನೀರು ಬೆರೆಸಿ ಮಾಡಿ, ಚೆನ್ನಾಗಿಯೇ ಬರುತ್ತದೆ. ಭರಣಿಯನ್ನು ಪೂರ್ತಿ ತುಂಬಬೇಡಿ, ಮುಚ್ಚಳ ಬಿಗಿ ಮಾಡಬೇಡಿ, ಕೆಳಗೊಂದು ತಟ್ಟೆ ಇಡಿ. ನಮ್ಮ ಸೆಖೆಗೆ ಒಂದೇ ದಿನದಲ್ಲಿ ಉಕ್ಕುತ್ತದೆ. ಗುಳ್ಳೆ ಕಂಡ ಕೂಡಲೇ ಫ್ರಿಜ್ಜಿಗೆ ಸೇರಿಸಿ.